ಅಕ್ಕಿಗೆ ಹುಳ, ಕಾಳಿಗೆ ಕುಟ್ಟೆ: ಮನೆಯ ದವಸ ಉಳಿಸಿಕೊಳ್ಳುವ ಬಗೆ

"ಗಟ್ಟಿ ಮುಚ್ಚಳದ ಡಬ್ಬಿಯಲ್ಲೇ ಇಟ್ಟಿದ್ದೆ, ಆದರೂ ಹುಳ ಎಲ್ಲಿಂದ ಬಂತು?" ಮುಂಗಾರು ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರುವಾಗುತ್ತದೆ. ಉತ್ತರ ಒಂದೇ ಸಾಲಿನದು: ಹುಳ ಕಾಳಿನ ಹೊಟ್ಟೆಯೊಳಗೇ ಕೂತು ನಿಮ್ಮ ಮನೆಗೆ ಬಂದಿದೆ. ಹೆಣ್ಣು ಹುಳ ಅಕ್ಕಿಕಾಳಿಗೆ ಸಣ್ಣ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತಿನ ಬಾಯಿಗೆ ಅಂಟು ಬಳಿದು ಮುಚ್ಚುತ್ತದೆ. ಮರಿ ಒಳಗೇ ತಿಂದು, ಒಳಗೇ ಬೆಳೆದು, ರೆಕ್ಕೆ ಬಂದ ಮೇಲೆ ಹೊರಬರುತ್ತದೆ. ನಮ್ಮ ಹವೆಯಲ್ಲಿ ಇಷ್ಟಕ್ಕೆ ಹೆಚ್ಚುಕಡಿಮೆ 4ರಿಂದ 5 ವಾರ ಹಿಡಿಯುತ್ತದೆ. ಅಂದರೆ ಇವತ್ತು ಕಂಡ ಹುಳ ಒಂದು ತಿಂಗಳ ಹಿಂದಿನದು, ಮುಂದಿನ ತಿಂಗಳಿನದು ಈಗಾಗಲೇ ಕಾಳಿನೊಳಗೆ ಇದೆ.

ಕೇರಿ, ಜರಡಿ ಹಿಡಿದು, ಆರಿಸಿ ಮುಗಿಸಿದೆವು ಅಂದುಕೊಂಡವರ ಮನೆಯಲ್ಲಿ ಮತ್ತೆ ಹುಳ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಕೆಳಗಿನ ಹಂತಗಳೆಲ್ಲ ಕಣ್ಣಿಗೆ ಕಾಣದ ಆ ಮೊಟ್ಟೆ, ಮರಿಗಳಿಗಾಗಿಯೇ.

ಮೊದಲು ಸೇರಿಸಿಟ್ಟುಕೊಳ್ಳಿ

ಒಂದು ಮೊರ, ಸಣ್ಣ ಕಣ್ಣಿನ ಜರಡಿ, ಹಳೇ ಬಿಳಿ ಪಂಚೆ ಅಥವಾ ಬಿಳಿ ಹಾಳೆ, ಕಪ್ಪು ಟಾರ್ಪಾಲಿನ್, ಗಟ್ಟಿಯಾಗಿ ಕಟ್ಟಬಹುದಾದ ದಪ್ಪ ಪ್ಲಾಸ್ಟಿಕ್ ಚೀಲಗಳು, ಒಣ ಬ್ರಷ್ಷು, ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದು, ಡಬ್ಬಿಗೆ ತಾರೀಖು ಬರೆಯಲು ಪೆನ್ನು. ಫ್ರೀಜರಿನಲ್ಲಿ ಒಂದಿಷ್ಟು ಜಾಗ. ಔಷಧಿ, ಮಾತ್ರೆ, ಪುಡಿ ಯಾವುದೂ ಬೇಡ. ಯಾಕೆಂದು 4ನೇ ಹಂತದಲ್ಲಿ ಹೇಳಿದ್ದೇನೆ.

ಹಂತ 1: ಯಾವ ಹುಳ ಎಂದು ಗುರುತಿಸಿ

ಎಲ್ಲ ಹುಳಕ್ಕೂ ಒಂದೇ ಮದ್ದಲ್ಲ. ಒಂದು ಹಿಡಿ ದವಸವನ್ನು ಬಿಳಿ ಹಾಳೆಯ ಮೇಲೆ ಹರಡಿ ಎರಡು ನಿಮಿಷ ಸುಮ್ಮನೆ ನೋಡಿ.

ಅಕ್ಕಿ, ಜೋಳ, ಗೋಧಿಯಲ್ಲಿ 2-3 ಮಿಲಿಮೀಟರ್ ಉದ್ದದ, ಮುಂದಕ್ಕೆ ಚಾಚಿದ ಸೊಂಡಿಲಿರುವ ಕಂದು ಹುಳ ಕಂಡರೆ ಅದು ಮೂತಿಹುಳ. ಕೆಲವರು ನುಸಿ ಎನ್ನುತ್ತಾರೆ. ಬೆನ್ನ ಮೇಲೆ ಮಾಸಲು ಕೆಂಪಿನ ನಾಲ್ಕು ಚುಕ್ಕೆಗಳಿರುತ್ತವೆ. ಹಾರಬಲ್ಲದು, ಹಾಗಾಗಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋಗುತ್ತದೆ.

ಹೆಸರುಕಾಳು, ಅಲಸಂದೆ, ಕಡಲೆ, ತೊಗರಿ ಇವುಗಳ ಮೇಲೆ ಸುಣ್ಣದ ಚುಕ್ಕೆಯಿಟ್ಟ ಹಾಗೆ ಬಿಳಿ ಬೊಟ್ಟುಗಳು, ಇಲ್ಲವೇ ಸೂಜಿಯಿಂದ ಕೊರೆದಂಥ ದುಂಡನೆ ತೂತುಗಳು ಕಂಡರೆ ಕುಟ್ಟೆ ಹಿಡಿದಿದೆ ಎಂದರ್ಥ. ಆ ಬಿಳಿ ಚುಕ್ಕೆಗಳೇ ಮೊಟ್ಟೆ. ಇದು ಹೆಚ್ಚಾಗಿ ಹೊಲದಲ್ಲೇ, ಕಾಯಿ ಒಣಗುವ ಹೊತ್ತಿಗೇ ಅಂಟಿಕೊಂಡು ಬರುತ್ತದೆ. ಬೆಳೆದ ಕುಟ್ಟೆಹುಳ ಕಾಳು ತಿನ್ನುವುದೇ ಇಲ್ಲ. ಸುಮಾರು ಎರಡು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ತಿನ್ನುವುದೆಲ್ಲ ಒಳಗಿರುವ ಮರಿ. ಒಡೆದು ಸಿಪ್ಪೆ ತೆಗೆದ ಬೇಳೆಗೆ ಇಡೀ ಕಾಳಿನಷ್ಟು ಬೇಗ ಕುಟ್ಟೆ ಹಿಡಿಯುವುದಿಲ್ಲ. ಕಾಳನ್ನು ಬೇಳೆ ಮಾಡಿ ಇಟ್ಟುಕೊಳ್ಳುವುದರಲ್ಲಿ ಈ ಲಾಭವೂ ಇದೆ.

ಹಿಟ್ಟು, ರವೆ, ಮೈದಾದಲ್ಲಿ ಚಪ್ಪಟೆಯಾದ ಕೆಂಗಂದು ಹುಳ ಓಡಾಡುತ್ತಿದ್ದರೆ ಅದು ಹಿಟ್ಟಿನ ಹುಳ. ಗಟ್ಟಿ ಕಾಳನ್ನು ಕೊರೆಯುವ ಶಕ್ತಿ ಇದಕ್ಕಿಲ್ಲ. ನುಚ್ಚು, ಪುಡಿ ಎಲ್ಲಿದೆಯೋ ಅಲ್ಲಿ ಇರುತ್ತದೆ. ಇದು ಬಿಡುವ ರಸಾಯನದಿಂದ ಹಿಟ್ಟಿಗೆ ಒಂದು ಥರದ ಘಾಟು ಬರುತ್ತದೆ, ಬಣ್ಣವೂ ನಸುಗೆಂಪಾಗುತ್ತದೆ.

ಕಾಳುಗಳು ಜೇಡರ ಬಲೆಯಂಥ ನೂಲಿನಲ್ಲಿ ಗಂಟುಗಂಟಾಗಿ ಅಂಟಿಕೊಂಡಿದ್ದರೆ ಅದು ಪತಂಗದ ಮರಿಯ ಕೆಲಸ. ಸಂಜೆ ಅಡುಗೆಮನೆಯಲ್ಲಿ ಬೂದು ಬಣ್ಣದ ಸಣ್ಣ ಚಿಟ್ಟೆಗಳು ಹಾರಾಡುತ್ತಿದ್ದರೆ ಅವೇ ಇದರ ಹೆತ್ತವರು. ಅರಿಸಿನ, ಧನಿಯಾ, ಖಾರದ ಪುಡಿಯ ಪೊಟ್ಟಣಕ್ಕೆ ಗುಂಡುಸೂಜಿ ಚುಚ್ಚಿದಂಥ ತೂತು ಬಿದ್ದಿದ್ದರೆ ಅದು ಮತ್ತೊಂದು ಜಾತಿ. ಮಸಾಲೆಯ ಘಾಟಿಗೆ ಅದು ಹೆದರುವುದಿಲ್ಲ.

ಹಂತ 2: ಮೂಲ ಹುಡುಕಿ

ಹುಳ ಕಂಡ ಡಬ್ಬಿಯನ್ನು ಮಾತ್ರ ಸ್ವಚ್ಛ ಮಾಡಿ ಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಅಡುಗೆಮನೆಯ ದವಸವನ್ನೆಲ್ಲ ಒಂದು ಸಲ ಕೆಳಗಿಳಿಸಿ ನೋಡಲೇಬೇಕು. ಹುಳ ಇದ್ದದ್ದು, ಇಲ್ಲದ್ದು ಎಂದು ಎರಡು ಕಡೆ ಬೇರೆ ಮಾಡಿ, ಸಂಶಯದ್ದನ್ನು ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ.

ಮರೆತುಹೋದ ಪೊಟ್ಟಣಗಳೇ ಹುಳದ ತವರುಮನೆ. ದೇವರ ಕೋಣೆಯಲ್ಲಿ ಕಳಶದ ಕೆಳಗಿಟ್ಟ ಅಕ್ಕಿ, ಮದುವೆ-ಸೀಮಂತಗಳಿಂದ ತಂದು ಬೀರುವಿನಲ್ಲಿಟ್ಟ ಮಡಿಲಕ್ಕಿ, ಅರ್ಧ ಉಳಿದ ಶಾವಿಗೆ, ಹಳೇ ಬಾದಾಮಿ, ಹಪ್ಪಳದ ಡಬ್ಬಿಯ ತಳದ ಪುಡಿ, ಹಕ್ಕಿಗೆಂದು ಇಟ್ಟ ನವಣೆ, ನಾಯಿಯ ತಿನಿಸು, ಮುಂದಿನ ಬಿತ್ತನೆಗೆಂದು ಬಟ್ಟೆಯಲ್ಲಿ ಕಟ್ಟಿಟ್ಟ ಅವರೆಕಾಳು. ಮಡಿಲಕ್ಕಿಯನ್ನು ಬಳಸದೆ ವರ್ಷಗಟ್ಟಲೆ ಇಡುವ ಮನೆಗಳು ಬಹಳ. ಪೂಜ್ಯಭಾವ ಇರುವುದರಿಂದಲೇ ಯಾರೂ ಅದನ್ನು ಬಿಚ್ಚಿ ನೋಡುವುದಿಲ್ಲ. ತಂದ ವಾರದೊಳಗೆ ಅನ್ನವೋ ಪಾಯಸವೋ ಮಾಡಿ ಉಂಡರೆ ಮಡಿಲಕ್ಕಿಗೂ ಮರ್ಯಾದೆ.

ಪತಂಗವಾದರೆ ಗೋಡೆ-ಸೂರು ಸೇರುವ ಮೂಲೆ, ಕಪಾಟಿನ ಬಾಗಿಲ ಸಂದು, ಡಬ್ಬಿ ಮುಚ್ಚಳದ ಒಳ ಅಂಚು ನೋಡಿ. ಬೆಳೆದ ಮರಿ ದವಸ ಬಿಟ್ಟು ದೂರ ಹರಿದು ಹೋಗಿ ಅಲ್ಲಿ ಗೂಡು ಕಟ್ಟುತ್ತದೆ.

ಹಂತ 3: ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು

ಅನ್ನಕ್ಕೆ ಬೆಲೆ ಕೊಡುವ ಮನೆಗಳಲ್ಲಿ ಎಸೆಯಲು ಕೈ ಬರುವುದಿಲ್ಲ. ಅದು ಒಳ್ಳೆಯ ಗುಣವೇ. ಕೆಲವು ಕಡೆ ಮಾತ್ರ ಗಟ್ಟಿ ಮನಸ್ಸು ಮಾಡಬೇಕು.

ಅಕ್ಕಿ, ಜೋಳದಲ್ಲಿ ಅಲ್ಲೊಂದು ಇಲ್ಲೊಂದು ಹುಳ ಇದ್ದರೆ ಉಳಿಸಿಕೊಳ್ಳಿ. ಮೂತಿಹುಳ ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ, ಗೊತ್ತಾಗದೆ ಒಂದು ಬೆಂದು ಹೊಟ್ಟೆಗೆ ಹೋದರೆ ವಿಷವೇನೂ ಅಲ್ಲ. ಕಾಳುಗಳಿಗಾದರೆ ನೀರಿನ ಪರೀಕ್ಷೆ ಮಾಡಿ: ಒಂದು ಹಿಡಿಯನ್ನು ನೀರಿಗೆ ಹಾಕಿ. ಟೊಳ್ಳಾದದ್ದು ತೇಲುತ್ತದೆ. ಅರ್ಧಕ್ಕರ್ಧ ತೇಲಿದರೆ ಆ ಕಾಳು ತಿನ್ನಲು ಬಿತ್ತಲು ಎರಡಕ್ಕೂ ಪ್ರಯೋಜನವಿಲ್ಲ.

ಹುಳ ಬಿದ್ದ ಹಿಟ್ಟನ್ನು ಜರಡಿ ಹಿಡಿದು ಬಳಸುವವರಿದ್ದಾರೆ. ಬೇಡ. ಹಿಟ್ಟಿನ ಹುಳದ ಮೊಟ್ಟೆ ಜರಡಿಯ ಕಣ್ಣಿನಲ್ಲಿ ಸಲೀಸಾಗಿ ಇಳಿಯುತ್ತದೆ, ಅದರ ಹಿಕ್ಕೆಯೂ ಇಳಿಯುತ್ತದೆ. ಘಾಟು ಬಂದ ಹಿಟ್ಟು, ನೂಲುಗಟ್ಟಿದ ರವೆ, ತೂತು ಬಿದ್ದ ಮಸಾಲೆಪುಡಿ ಮೂರನ್ನೂ ಎಸೆಯಿರಿ.

ಬೂಷ್ಟು ಹಿಡಿದದ್ದರ ವಿಷಯ ಬೇರೆಯೇ. ಹಸಿರು, ಕಪ್ಪು ಬೂಷ್ಟು ಕಂಡ ಕಡಲೆಕಾಯಿ ಬೀಜ, ಮೆಕ್ಕೆಜೋಳ, ಅಕ್ಕಿಯನ್ನು ಒಂದು ಕಾಳೂ ಉಳಿಸಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಹಾನಿ ಮಾಡುವ ವಿಷ, ಕುದಿಸಿದರೂ ಹುರಿದರೂ ಹೋಗುವುದಿಲ್ಲ. ದನಕ್ಕೂ ಹಾಕಬೇಡಿ, ಹಾಲಿನಲ್ಲಿ ನಮಗೇ ವಾಪಸು ಬರುತ್ತದೆ.

ಇಲ್ಲೇ ಒಂದು ಮಾತು. ಪಡಿತರದ ಅಕ್ಕಿ ಆರಿಸುವಾಗ ಬಣ್ಣ ಸ್ವಲ್ಪ ಬೇರೆಯಿರುವ ಕಾಳು ಕಂಡರೆ ಅದನ್ನು ಪ್ಲಾಸ್ಟಿಕ್ ಎಂದು, ಹುಳುಕು ಎಂದು ಆರಿಸಿ ಬಿಸಾಡುತ್ತಾರೆ. ಅದು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಸೇರಿಸಿ ತಯಾರಿಸಿದ ಸಾರವರ್ಧಿತ ಅಕ್ಕಿ, ಸುಮಾರು 100ಕ್ಕೆ 1ರಂತೆ ಬೆರೆಸಿ ಹಂಚಿದ್ದು. ಆರಿಸಬೇಡಿ.

ಹಂತ 4: ಮೊಟ್ಟೆ, ಮರಿಗಳನ್ನು ಕೊಲ್ಲಿ

ಮೊದಲು ಮನೆಯಿಂದ ಹೊರಗೆ, ಅಂಗಳದಲ್ಲೋ ತಾರಸಿಯಲ್ಲೋ ಕೇರಿ. ಒಳಗೆ ಕೇರಿದರೆ ಹುಳ ಹಾರಿ ಕಪಾಟಿಗೆ ಸೇರುತ್ತದೆ. ಆಮೇಲೆ ಮೂರು ದಾರಿಗಳಿವೆ.

*ಚಳಿ.* 5 ಕಿಲೋ ಒಳಗಿನ ದವಸಕ್ಕೆ ಇದಕ್ಕಿಂತ ಖಚಿತವಾದದ್ದಿಲ್ಲ. ಒಂದೆರಡು ಕಿಲೋದ ಪೊಟ್ಟಣ ಮಾಡಿ, ಗಾಳಿ ತೆಗೆದು, ಬಾಯಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ. ನಾಲ್ಕು ದಿನ ಸಾಕೆನ್ನುವವರಿದ್ದಾರೆ. ಮನೆಯ ಫ್ರೀಜರಿನ ಬಾಗಿಲು ದಿನಕ್ಕೆ ಹತ್ತು ಸಲ ತೆರೆಯುವುದರಿಂದ ನಾನು ಒಂದು ವಾರ ಎನ್ನುತ್ತೇನೆ. ಕೆಳಗಿನ ಫ್ರಿಜ್ಜಿನಲ್ಲಿಟ್ಟರೆ ಹುಳ ಬೆಳೆಯುವುದು ನಿಲ್ಲುತ್ತದೆ ಅಷ್ಟೇ, ಎಲ್ಲವೂ ಸಾಯುವುದಿಲ್ಲ.

ಎಚ್ಚರ: ಹೊರತೆಗೆದ ಕೂಡಲೇ ಪೊಟ್ಟಣ ಬಿಚ್ಚಬೇಡಿ. ತಣ್ಣಗಿರುವ ಕಾಳಿನ ಮೇಲೆ ಹೊರಗಿನ ಗಾಳಿಯ ತೇವ ಹನಿಯಾಗಿ ಕೂರುತ್ತದೆ, ಹುಳ ಹೋಗಿ ಬೂಷ್ಟು ಬರುತ್ತದೆ. ಕಟ್ಟಿದ ಹಾಗೇ ಒಂದು ದಿನ ಹೊರಗಿಟ್ಟು, ಪೊಟ್ಟಣ ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ. ವಿದೇಶದಲ್ಲಿದ್ದು ಹತ್ತು ಕಿಲೋ ಚೀಲದ ಸೋನಾಮಸೂರಿ ತರುವವರು, ತಂದ ದಿನವೇ ಪಾಲು ಮಾಡಿ ಸರದಿಯಂತೆ ಫ್ರೀಜರಿಗೆ ಹಾಕಿಬಿಟ್ಟರೆ ಮುಂದೆ ಕಿರಿಕಿರಿಯಿಲ್ಲ.

*ಬಿಸಿಲು.* ಜೋಳ, ಗೋಧಿ, ಕಾಳುಗಳಿಗೆ ಇದು. ಕಪ್ಪು ಟಾರ್ಪಾಲಿನ್ ಮೇಲೆ ಬೆರಳ ದಪ್ಪಕ್ಕಿಂತ ತೆಳುವಾಗಿ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲಿಡಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಒಳಗಿನ ಶಾಖ 50 ಡಿಗ್ರಿ ದಾಟುತ್ತದೆ, ಕಾಳಿನೊಳಗಿನ ಮರಿಯೂ ಉಳಿಯುವುದಿಲ್ಲ. ಹೊದಿಕೆಯಿಲ್ಲದೆ ಬರೀ ಬಿಸಿಲಿಗೆ ಹರಡಿದರೆ ದೊಡ್ಡ ಹುಳ ಎದ್ದು ನೆರಳಿಗೆ ಹೋಗುತ್ತದೆ, ಒಳಗಿನದು ಅಲ್ಲೇ ಇರುತ್ತದೆ. ಆದರೆ ಕಾಳು ಒದ್ದೆಯಿದ್ದರೆ ಹೊದಿಕೆ ಹಾಕಬೇಡಿ. ಮೊದಲು ಬಯಲಲ್ಲಿ ಒಣಗಿಸಿ, ಮರುದಿನ ಹೊದಿಸಿ.

ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬೇಡಿ. ಹೊಟ್ಟು ಕಳೆದ ಅಕ್ಕಿಗೆ ಬಿಸಿಲಲ್ಲಿ ಬಿರುಕು ಬೀಳುತ್ತದೆ. ತೊಳೆಯುವಾಗ ನುಚ್ಚಾಗಿ, ಅನ್ನ ಮುದ್ದೆಯಾಗುತ್ತದೆ. ಆ ನುಚ್ಚೇ ಮತ್ತೆ ಹಿಟ್ಟಿನ ಹುಳಕ್ಕೆ ಊಟ. ಅಕ್ಕಿಯನ್ನು ಗಾಳಿಯಾಡುವ ನೆರಳಿನಲ್ಲಿ ಹರಡಿ, ಹುಳ ಹೋದ ಮೇಲೆ ಫ್ರೀಜರಿಗೋ ಕೆಳಗೆ ಹೇಳುವ ಗಾಳಿ ಕಟ್ಟುವ ವಿಧಾನಕ್ಕೋ ಒಪ್ಪಿಸಿ.

*ಹುರಿಯುವುದು.* ರವೆ, ಶಾವಿಗೆ, ಅವಲಕ್ಕಿಗೆ. ಸಣ್ಣ ಉರಿಯಲ್ಲಿ ಕೈಗೆ ಬಿಸಿ ಹತ್ತುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ತುಂಬಿ. ರವೆ ತಂದ ದಿನವೇ ಹುರಿದಿಡುವ ನಮ್ಮ ಮನೆಗಳ ಅಭ್ಯಾಸ ಉಪ್ಪಿಟ್ಟು ಉದುರುದುರಾಗಲೆಂದು ಮಾತ್ರ ಬಂದದ್ದಲ್ಲ.

ಇವನ್ನು ಮಾಡಲೇಬೇಡಿ

ದವಸಕ್ಕೆ ಹಾಕುವ "ಮಾತ್ರೆ" ಎಂದು ಕೆಲವು ಕಡೆ ಕೈಗೆ ಸಿಗುವುದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಮುಚ್ಚಿದ ಕೋಣೆಯಿಂದ ಬಾಗಿಲ ಸಂದಿನಲ್ಲಿ ಪಕ್ಕದ ಕೋಣೆಗೆ ಹರಡಿ, ಮಲಗಿದವರು ಮೇಲೇಳದೆ ಹೋದ ಮನೆಗಳಿವೆ. ಈ ವಿಷಕ್ಕೆ ಪ್ರತಿವಿಷ ಇಲ್ಲ. ನಮ್ಮ ದೇಶದಲ್ಲಿ ಇದನ್ನು ಮನೆಬಳಕೆಗೆ ಮಾರುವಂತಿಲ್ಲ. ಸರ್ಕಾರಿ ಉಗ್ರಾಣಗಳಿಗೆ, ಅನುಮತಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಅವಕಾಶ. ಯಾರಾದರೂ ಒಂದೆರಡು ಮಾತ್ರೆ ಕೊಟ್ಟಿದ್ದರೆ ಅಕ್ಕಿಚೀಲದಲ್ಲಿ ಇಡಬೇಡಿ, ಮನೆಯೊಳಗೂ ಇಡಬೇಡಿ. ಈಗಾಗಲೇ ಇಟ್ಟಿದ್ದು ತಲೆಸುತ್ತು, ವಾಂತಿ, ಎದೆ ಬಿಗಿತ ಕಂಡರೆ ಮನೆಯವರೆಲ್ಲ ಕೂಡಲೇ ಹೊರಗೆ ಬಂದು 108ಕ್ಕೆ ಕರೆ ಮಾಡಿ.

ಪಾದರಸದ ಗುಳಿಗೆಯೂ ಬೇಡ. ಪಾದರಸ ಆವಿಯಾಗಿ ಮೈ ಸೇರುವ ಲೋಹ, ಊಟದ ಹತ್ತಿರ ಅದಕ್ಕೆ ಜಾಗವಿಲ್ಲ. ಅಕ್ಕಿಗೆ ಬೋರಿಕ್ ಪುಡಿ ಬೆರೆಸಿ "ತೊಳೆದರೆ ಹೋಗುತ್ತದೆ" ಎನ್ನುವುದೂ ತಪ್ಪು. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಜಿರಳೆಗೆ ಹೊಡೆಯುವ ಸ್ಪ್ರೇಯನ್ನು ದವಸದ ಕಪಾಟಿನೊಳಗೆ ಹೊಡೆಯಬೇಡಿ.

ಹಂತ 5: ಡಬ್ಬಿ, ಕಪಾಟು

ಡಬ್ಬಿಯನ್ನು ಬಿಸಿನೀರು, ಸೋಪಿನಲ್ಲಿ ತೊಳೆದು ಒಂದು ದಿನ ಬಿಸಿಲಿಗೆ ಬೋರಲು ಹಾಕಿ. ಮುಚ್ಚಳದ ತಿರುಪಿನಲ್ಲಿ, ರಬ್ಬರು ಬಳೆಯ ಕೆಳಗೆ ಹಿಟ್ಟು ಸಿಕ್ಕಿಕೊಂಡಿರುತ್ತದೆ. ರಬ್ಬರನ್ನು ತೆಗೆದೇ ತೊಳೆಯಿರಿ. ಕಪಾಟನ್ನು ಮೊದಲು ಒಣದಾಗಿ ಗುಡಿಸಿ, ಸಂದುಗೊಂದುಗಳನ್ನು ಬ್ರಷ್ಷಿನಿಂದ ಕೆದಕಿ. ಆಮೇಲೆ ಒರೆಸಿ. ಮೊದಲೇ ಒದ್ದೆಬಟ್ಟೆ ಹಾಕಿದರೆ ಹಿಟ್ಟು ಕಲಸಿ ಸಂದಿಗೆ ಮೆತ್ತಿಕೊಳ್ಳುತ್ತದೆ. ಹಾಸಿದ ಹಳೇ ಪೇಪರು ತೆಗೆದುಹಾಕಿ.

ಗುಡಿಸಿದ ಕಸ ಅಡುಗೆಮನೆಯ ಡಬ್ಬಕ್ಕೆ ಬೀಳಬಾರದು. ಚೀಲದಲ್ಲಿ ಕಟ್ಟಿ ಅವತ್ತೇ ಹೊರಗೆ ಸಾಗಿಸಿ. ಕೋಳಿ ಸಾಕಿದ್ದರೆ ಬೂಷ್ಟಿಲ್ಲದ ಹುಳಗಾಳು ಅವಕ್ಕೆ ಹಬ್ಬದೂಟ. ಗೋಣಿಚೀಲ ಮತ್ತೆ ಬಳಸುವುದಾದರೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ. ನೇಯ್ಗೆಯೊಳಗೆ ಹುಳ ಉಳಿದಿರುತ್ತದೆ.

ಹಂತ 6: ಒಣಗಿದೆಯೇ ಎಂದು ನೋಡಿ, ಆಮೇಲೆ ತುಂಬಿ

ತೇವ ಇದ್ದಲ್ಲಿ ಹುಳ. ಧಾನ್ಯದಲ್ಲಿ ನೀರಿನಂಶ ನೂರಕ್ಕೆ 12ಕ್ಕಿಂತ ಕಡಿಮೆ, ಕಾಳುಗಳಲ್ಲಿ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಮೀಟರು ಬೇಕಿಲ್ಲ. ಕಾಳನ್ನು ದವಡೆಯಲ್ಲಿಟ್ಟು ಕಡಿಯಿರಿ: ಕಟ್ಟೆಂದು ಒಡೆಯಬೇಕು, ಚಪ್ಪಟೆಯಾದರೆ ಇನ್ನೂ ಹಸಿ. ಇನ್ನೊಂದು ಉಪಾಯ ಉಪ್ಪಿನದು. ಒಣ ಗಾಜಿನ ಬಾಟಲಿಗೆ ಕಾಲು ಭಾಗ ಧಾನ್ಯ, ಒಂದೆರಡು ಚಮಚ ಚೆನ್ನಾಗಿ ಒಣಗಿದ ಪುಡಿಯುಪ್ಪು ಹಾಕಿ ಒಂದು ನಿಮಿಷ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ನೀರಿನಂಶ ನೂರಕ್ಕೆ 15 ದಾಟಿದೆ, ಮತ್ತೆ ಒಣಗಿಸಿ. ಬಿಸಿಲಿನಿಂದ ತೆಗೆದ ಕಾಳನ್ನು ಬಿಸಿಯಿರುವಾಗಲೇ ಡಬ್ಬಿಗೆ ಸುರಿಯಬೇಡಿ. ರಾತ್ರಿ ತಣಿದಾಗ ಮುಚ್ಚಳದ ಒಳಗೆ ಬೆವರುತ್ತದೆ.

ಇನ್ನು ಗಾಳಿ ಕಟ್ಟುವ ವಿಧಾನ. ಹಳೇ ಮೈಸೂರು ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಗುಳಿಯಲ್ಲಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು, ಹುಳ ಎರಡೂ ಉಸಿರಾಡಿ ಆಮ್ಲಜನಕ ಮುಗಿಸಿಬಿಡುತ್ತಿದ್ದವು. ಹುಳ ತಾನಾಗಿ ಸಾಯುತ್ತಿತ್ತು, ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಒಳಗಿಳಿದವರು ಉಸಿರುಗಟ್ಟಿ ಸತ್ತದ್ದೂ ಉಂಟು. ಹಾಗಾಗಿ ಮೊದಲು ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಗಾಳಿಯಿಲ್ಲದಿರುವುದಕ್ಕೆ ಇರುವ ಶಕ್ತಿ ಅಷ್ಟು. ರಾಗಿಯ ಕಾಳು ಮೂತಿಹುಳದ ಮರಿ ಬೆಳೆಯಲು ಸಾಲದಷ್ಟು ಸಣ್ಣದಾಗಿರುವುದೂ ಅದರ ಬಾಳಿಕೆಗೆ ಒಂದು ಕಾರಣ.

ಅದನ್ನೇ ಅಡುಗೆಮನೆಯಲ್ಲಿ ಮಾಡಬಹುದು. ತೊಳೆದು ಚೆನ್ನಾಗಿ ಒಣಗಿಸಿದ 1 ಅಥವಾ 2 ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಅಕ್ಕಿಯನ್ನೋ ಕಾಳನ್ನೋ ಕತ್ತಿನವರೆಗೆ, ಕುಟ್ಟಿಕುಟ್ಟಿ ತುಂಬಿ ಮುಚ್ಚಳ ಬಿಗಿ ಮಾಡಿ. ಮೂರು ವಾರ ತೆಗೆಯಬೇಡಿ. ಒಳಗೆ ಗಾಳಿಗೆ ಜಾಗ ಕಡಿಮೆಯಿದ್ದಷ್ಟೂ ಹುಳ ಬೇಗ ಸಾಯುತ್ತದೆ. 20 ಲೀಟರ್ ಡಬ್ಬದ ತಳದಲ್ಲಿ 3 ಕಿಲೋ ಅಕ್ಕಿ ಇಟ್ಟು ದಿನಾ ಎರಡು ಹೊತ್ತು ತೆರೆಯುವುದಾದರೆ ಅದು ಎಷ್ಟು ಬಿಗಿಯಾಗಿ ಮುಚ್ಚಿದರೂ ಗಾಳಿ ಕಟ್ಟಿದಂತೆ ಆಗುವುದಿಲ್ಲ. ದಿನಬಳಕೆಗೆ ಸಣ್ಣ ಡಬ್ಬಿ, ದಾಸ್ತಾನಿಗೆ ತುಂಬಿದ ಬಾಟಲಿಗಳು ಎಂದು ಬೇರೆ ಮಾಡಿ.

ಕಾಳುಗಳಿಗೆ ಹರಳೆಣ್ಣೆ ನಿಜಕ್ಕೂ ಕೆಲಸ ಮಾಡುತ್ತದೆ. ಕಿಲೋಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಮಿಲಿಲೀಟರ್. ಅಂಗೈಗೆ ಹಚ್ಚಿಕೊಂಡು ಪ್ರತಿ ಕಾಳಿಗೂ ತಾಗುವಂತೆ ಉಜ್ಜಿ. ಎಣ್ಣೆಯ ಪದರದಿಂದ ಮೊಟ್ಟೆ ಕಾಳಿಗೆ ಅಂಟುವುದಿಲ್ಲ, ಅಂಟಿದ್ದೂ ಉಸಿರುಗಟ್ಟಿ ಸಾಯುತ್ತದೆ. ಬೇಯಿಸುವ ಮುನ್ನ ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ. ಬಿತ್ತನೆಯ ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಅವರೆಬೀಜಕ್ಕೆ ಬೂದಿ ಬೆರೆಸುವುದು ಸಹ ಹುರುಳಿರುವ ಪದ್ಧತಿಗಳೇ. ಬೂದಿಯ ಕಣ ಹುಳದ ಮೈಮೇಲಿನ ಮೇಣವನ್ನು ಕೆರೆದು ಅದನ್ನು ಒಣಗಿಸಿ ಕೊಲ್ಲುತ್ತದೆ.

ಬೇವಿನ ಎಲೆ, ಲಕ್ಕಿ ಸೊಪ್ಪು, ಒಣಮೆಣಸಿನಕಾಯಿ, ಲವಂಗ, ಬೆಳ್ಳುಳ್ಳಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಇವು ಹೊರಗಿನಿಂದ ಬರುವ ಹುಳವನ್ನು ಒಂದಷ್ಟು ದೂರ ಇಡುತ್ತವೆ. ಕಾಳಿನೊಳಗೆ ಕೂತ ಮರಿಯನ್ನು ಇವು ಮುಟ್ಟುವುದಿಲ್ಲ. ಶುದ್ಧವಾದ ದವಸಕ್ಕೆ ಕಾವಲಾಗಿ ಇಡಬಹುದು, ಹುಳ ಬಿದ್ದದ್ದಕ್ಕೆ ಮದ್ದಾಗಿ ಅಲ್ಲ. ಬೇವನ್ನು ನೆರಳಿನಲ್ಲಿ ಪುಡಿಯಾಗುವಷ್ಟು ಒಣಗಿಸಿಯೇ ಹಾಕಿ. ಹಸಿ ಎಲೆ, ಹಸಿ ಬೆಳ್ಳುಳ್ಳಿ ಹಾಕಿದರೆ ಅದರ ತೇವವೇ ಬೂಷ್ಟು ತರುತ್ತದೆ.

ಹಂತ 7: ಮುಂದಿನ ಆರು ವಾರ

ಪ್ರತಿ ಡಬ್ಬಿಗೂ ತುಂಬಿದ ತಾರೀಖು ಬರೆಯಿರಿ. ಹಳೆಯದು ಮುಗಿದು, ಡಬ್ಬಿ ತೊಳೆದು ಒಣಗಿದ ಮೇಲೆಯೇ ಹೊಸದು. ಹಳೆಯದರ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ಬಿಡಲೇಬೇಕು. ಪಡಿತರದ ಅಕ್ಕಿ, ಅಂಗಡಿಯ ಅಕ್ಕಿ ಬೇರೆಬೇರೆ ಇರಲಿ. ಜೋಳ, ತೊಗರಿಯನ್ನು ವರ್ಷಕ್ಕಾಗುವಷ್ಟು ಕೊಳ್ಳುವವರು ಬೇಸಿಗೆಯಲ್ಲೇ ಕೊಂಡು ಒಣಗಿಸಿಡಿ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಟ್ಟು, ರವೆಯನ್ನು ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ. ಪತಂಗ ಹಿಡಿಯುವ ಅಂಟುಬಲೆ ತಂದಿದ್ದರೆ ಅದಕ್ಕೆ ಬೀಳುವುದು ಗಂಡು ಮಾತ್ರ. ಹುಳ ಇನ್ನೂ ಇದೆಯೇ ಎಂದು ತಿಳಿಯಲು ಅದು ಸಾಕು, ಮುಗಿಸಲು ಸಾಲದು.

ವಾರಕ್ಕೊಮ್ಮೆ ದಿನಬಳಕೆಯ ಡಬ್ಬಿಯಿಂದ ಒಂದು ಹಿಡಿ ತೆಗೆದು ಬಿಳಿ ಹಾಳೆಯ ಮೇಲೆ ಹರಡಿ. ಡಬ್ಬಿಯ ತಳದಲ್ಲಿ ಹಿಟ್ಟಿನಂಥ ಪುಡಿ ಕೂತಿದ್ದರೆ ಹುಳ ಕಾಣದಿದ್ದರೂ ಇದೆ ಎಂದೇ ತಿಳಿಯಿರಿ. ನಾಲ್ಕನೇ ವಾರದಿಂದ ಆರನೇ ವಾರದವರೆಗೆ ಇನ್ನೂ ಹುಷಾರಾಗಿ ನೋಡಬೇಕು. ಏನಾದರೂ ಬದುಕುಳಿದಿದ್ದರೆ ಹೊರಬರುವುದು ಆಗಲೇ. ಒಂದೇ ಒಂದು ಕಂಡರೂ ಆ ಡಬ್ಬಿಯನ್ನು ಅವತ್ತೇ ಫ್ರೀಜರಿಗೆ ಹಾಕಿ, ಪಕ್ಕದ ಎರಡು ಡಬ್ಬಿಗಳನ್ನು ಬಿಚ್ಚಿ ನೋಡಿ.